ಚೆಂಡು ಮೊಟ್ಟೆಯಾಕಾರ, ಶುಲ್ಕ ಬೆಟ್ಟದಾಕಾರ!

ಪುಕ್ಕಟೆ ಬಾರ್ ಬಂದ್ ಆಯಿತು. ಹಿಂದೆಯೇ ಕ್ಲಬ್ಬೂ ಬಂದ್ ಆಯಿತು!

ಇದು ಇಂದು ನಿನ್ನೆಯ ಸುದ್ದಿಯಲ್ಲ. ಕಲ್ಕತ್ತೆಯ ಬಿಳಿ ಸಾಹೇಬರು 1873ರಲ್ಲಿ ಕಟ್ಟಿದ ರಗ್ಬಿ ಕ್ಲಬ್ಬಿನ ಕತೆ. ಅದಕ್ಕೆ ಮುಂಚಿನ ವರ್ಷ, 1872ರ ಕ್ರಿಸ್‌ಮಸ್ ದಿನ, ಊರಿನ ಇಂಗ್ಲಿಷರೆಲ್ಲ ಒಂದು ಕಡೆ, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸಿನವರು ಇನ್ನೊಂದು ಕಡೆ ನಿಂತು ತಂಡಕ್ಕೆ 20 ಜನರಂತೆ ಗುದ್ದಾಡಿದ್ದರು. ಅದರ ಹುಮ್ಮಸ್ಸಿನಲ್ಲೇ ಕ್ಲಬ್ ಹುಟ್ಟಿತು. ಸದಸ್ಯರೂ ಜಮಾಯಿಸಿದರು. ಆಟದ ಮೇಲಿನ ಮೋಹ ಒಂದು ಕಾರಣ. ಕ್ಲಬ್ಬಿನ ಬಾರಿನಲ್ಲಿ ಕುಡಿಯಲು ದುಡ್ಡು ಕೊಡಬೇಕಿರಲಿಲ್ಲ ಎಂಬುದು ಇನ್ನೊಂದು ಕಾರಣ, ಬಹುಶಃ ದೊಡ್ಡ ಕಾರಣ!

ಪುಕ್ಕಟೆ ಎಷ್ಟು ದಿನ ನಡೆದೀತು? ಒಂದು ದಿನ ನಿಂತಿತು. ಅಲ್ಲಿಂದ ಮುಖಗಳು ಒಂದೊಂದಾಗಿ ಕಾಣೆಯಾದವು. ಕಲ್ಕತ್ತೆಯ ಸೆಕೆಗೆ ರಗ್ಬಿ ಒಗ್ಗಲಿಲ್ಲ, ಟೆನಿಸ್ಸು ಪೋಲೋಗಳೇ ವಾಸಿ ಎಂದು ಉಳಿದವರೂ ಕಾಲು ಕಿತ್ತರು. ಕಾರ್ಯದರ್ಶಿಯೂ ಖಜಾಂಚಿಯೂ ತಾನೇ ಆಗಿದ್ದ ರಾಥ್ನಿ ಎಂಬಾತ ಬ್ಯಾಂಕಿನಲ್ಲಿದ್ದ ಕ್ಲಬ್ಬಿನ ಹಣವನ್ನು ಬೆಳ್ಳಿ ರೂಪಾಯಿಯಲ್ಲೇ ಬಿಡಿಸಿಕೊಂಡ. 270 ರೂಪಾಯಿ ನಾಣ್ಯ ಕರಗಿಸಿ ಒಂದು ಬಟ್ಟಲು ಮಾಡಿಸಲಾಯಿತು. ಹಿಡಿಕೆಗೆ ಮೂರು ನಾಗರಹಾವು, ಮುಚ್ಚಳದ ಮೇಲೊಂದು ಆನೆ. 1878ರಲ್ಲಿ ಅದನ್ನು ಇಂಗ್ಲೆಂಡಿನ ರಗ್ಬಿ ಯೂನಿಯನ್ನಿಗೆ ಒಪ್ಪಿಸಿ ಕ್ಲಬ್ಬಿಗೆ ಬೀಗ ಹಾಕಿದರು. 1879ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್ ತಂಡಗಳು ಕಾದಾಡುವ 'ಕಲ್ಕತ್ತಾ ಕಪ್' ಎಂದರೆ ಇದೇ.

ಅಂಗಡಿ ಇಟ್ಟವರು ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ಆ ಕ್ಲಬ್ಬು ದಿವಾಳಿಯಾಗಿ ಮುಚ್ಚಲಿಲ್ಲ. ಖಾತೆಯಲ್ಲಿ ದುಡ್ಡಿತ್ತು. ಜನ ಇರಲಿಲ್ಲ.

ಮೈದಾನದಲ್ಲಿ 15, ಲೆಕ್ಕದಲ್ಲಿ 40

ಈಗ ಅದೇ ಇಂಗ್ಲೆಂಡಿನ ಊರೂರಿನ ಸಣ್ಣ ರಗ್ಬಿ ಕ್ಲಬ್ಬುಗಳಲ್ಲಿ ಖಜಾಂಚಿಗಳು ತಲೆ ಮೇಲೆ ಕೈ ಹೊತ್ತಿದ್ದಾರೆ. ಸದಸ್ಯರ ವಂತಿಗೆ ಏರಿಸದಿದ್ದರೆ ಕ್ಲಬ್ಬು ಉಳಿಯದು, ಏರಿಸಿದರೆ ಸದಸ್ಯ ಉಳಿಯ!

ರಗ್ಬಿ ಗೊತ್ತಿಲ್ಲದವರಿಗೆ ಎರಡು ಮಾತು. ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸುವ ಆಟ. ತಂಡಕ್ಕೆ 15 ಜನ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಕ್ಕೆ ಮಾತ್ರ. ಚೆಂಡು ಹಿಡಿದವನನ್ನು ತಬ್ಬಿ ಕೆಡವುವುದು ಶಾಸ್ತ್ರೋಕ್ತ. ನಮ್ಮ ಕಬಡ್ಡಿ ಕಂಡವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ತಂಡಕ್ಕೆ ಏಳೇ ಜನ ಇರುವ ಇದರದೇ ಚುಟುಕು ಆಟದ ಲೀಗ್ ಒಂದು 2025ರ ಜೂನಿನಲ್ಲಿ ಮುಂಬಯಿಯಲ್ಲಿ ನಡೆದಾಗ ಆರು ತಂಡಗಳಲ್ಲಿ ಒಂದಕ್ಕೆ ಬೆಂಗಳೂರಿನ ಹೆಸರಿತ್ತು.

ಇಂಗ್ಲೆಂಡಿನಲ್ಲಿ ಇದು ಟೀವಿಯೊಳಗಿನ ಆಟ ಮಾತ್ರವಲ್ಲ. ಶನಿವಾರ ಮಧ್ಯಾಹ್ನ ಬಡಗಿ, ಮೇಷ್ಟ್ರು, ಪ್ಲಂಬರ್, ಬ್ಯಾಂಕಿನ ಗುಮಾಸ್ತ ಎಲ್ಲ ಒಂದೇ ಕೆಸರಿನಲ್ಲಿ ಹೊರಳುತ್ತಾರೆ. ಭಾನುವಾರ ಬೆಳಿಗ್ಗೆ ಅದೇ ಮೈದಾನದಲ್ಲಿ ಮಕ್ಕಳು. ಕಲಿಸುವವರು ಅವರ ಅಪ್ಪ ಅಮ್ಮಂದಿರೇ, ಸಂಬಳವಿಲ್ಲದೆ. ಆಟ ಮುಗಿದ ಮೇಲೆ ಎರಡೂ ತಂಡ ಒಟ್ಟಿಗೆ ಕೂತು ಊಟ. ಹೊಡೆದವನೂ ಹೊಡೆಸಿಕೊಂಡವನೂ ಪಕ್ಕಪಕ್ಕದಲ್ಲೇ!

ಇಂಥ ಕಡೆ ದುಡ್ಡಿಗೇನು ಕೆಲಸ ಎಂದು ಕೇಳಬಹುದು. ಕೆಲಸ ಬೇಕಾದಷ್ಟಿದೆ. ಚಳಿಗಾಲದಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ವಾರದ ಮಧ್ಯೆ ಅಭ್ಯಾಸ ಮಾಡಬೇಕೆಂದರೆ ಫ್ಲಡ್‌ಲೈಟ್ ಉರಿಯಲೇಬೇಕು. 2022ರಲ್ಲಿ ಯೂರೋಪಿನಲ್ಲೆಲ್ಲ ವಿದ್ಯುತ್ತು, ಗ್ಯಾಸಿನ ದರ ಗಗನಕ್ಕೆ ಹಾರಿದಾಗ ಕ್ಲಬ್ಬುಗಳ ಬಿಲ್ಲೂ ಅದರ ಬೆನ್ನು ಹತ್ತಿತು. ಆಡಿ ಬಂದ ಮೂವತ್ತು ಮಂದಿಗೆ ಸ್ನಾನಕ್ಕೆ ಬಿಸಿನೀರು ಬೇಡವೆ? ಹುಲ್ಲು ಕತ್ತರಿಸುವ ಯಂತ್ರಕ್ಕೆ ಡೀಸೆಲ್, ಗೆರೆ ಎಳೆಯಲು ಬಣ್ಣ, ರೆಫರಿಯ ದಾರಿ ಖರ್ಚು, ಎದುರೂರಿಗೆ ಹೋಗಲು ಬಸ್ ಬಾಡಿಗೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹರಿದ ಜರ್ಸಿ. ಎಲ್ಲಕ್ಕೂ ಮೇಲೆ ವಿಮೆ. ಒಬ್ಬರ ಮೇಲೊಬ್ಬರು ಬೀಳುವ ಆಟಕ್ಕೆ ವಿಮೆ ಇಲ್ಲದೆ ಮೈದಾನಕ್ಕೆ ಇಳಿಯುವುದುಂಟೆ?

ಈ ವಿಮೆಯ ಬಾಬ್ತು ದೇಶದಿಂದ ದೇಶಕ್ಕೆ ಬೇರೆ. ನ್ಯೂಜಿಲೆಂಡಿನಲ್ಲಿ 1974ರಿಂದ ಅಪಘಾತಕ್ಕೆ ಸರ್ಕಾರದ್ದೇ ಪರಿಹಾರ ವ್ಯವಸ್ಥೆ. ತಪ್ಪು ಯಾರದೆಂದು ಕೇಳದೆ ಚಿಕಿತ್ಸೆ, ಸಂಬಳ ನಷ್ಟ ನೋಡಿಕೊಳ್ಳುತ್ತದೆ. ರಗ್ಬಿಯಲ್ಲಿ ಕಾಲು ಮುರಿದರೂ ಅದು ಅಪಘಾತವೇ. ಆಸ್ಟ್ರೇಲಿಯದಲ್ಲಿ ಹಾಗಿಲ್ಲ. ಅಲ್ಲಿ ಆಟಗಾರ ಹೆಸರು ನೋಂದಾಯಿಸಿ ದುಡ್ಡು ಕಟ್ಟಿದೊಡನೆ ಅದರಲ್ಲಿ ವಿಮೆಯ ಪಾಲು, ರಾಷ್ಟ್ರೀಯ ಸಂಸ್ಥೆಯ ಪಾಲು, ರಾಜ್ಯ ಸಂಸ್ಥೆಯ ಪಾಲು ಎಂದು ಒಡೆದು, ಮಿಕ್ಕಿದ್ದು ಊರಿನ ಕ್ಲಬ್ಬಿಗೆ. ಬಸ್ ಟಿಕೆಟ್ಟಿನ ಹಾಗೆ. ಕೊಡುವವನಿಗೆ ಕಾಣುವುದು ಒಟ್ಟು ಮೊತ್ತ ಮಾತ್ರ. ಬಯ್ಗುಳ ತಿನ್ನುವವನು ಎದುರಿಗೆ ನಿಂತ ಕಂಡಕ್ಟರ್!

ಇಂಗ್ಲೆಂಡಿನಲ್ಲಿ ವಂತಿಗೆ ಎಷ್ಟೆಂದು ನಿಗದಿ ಮಾಡುವುದು ಆಯಾ ಕ್ಲಬ್ಬೇ. ದೊಡ್ಡವರಿಗೆ ವರ್ಷಕ್ಕೆ ನೂರು, ನೂರೈವತ್ತು, ಇನ್ನೂರು ಪೌಂಡ್ ಎಂಬ ಮಾತು ಅನೇಕ ಕಡೆ ಮಾಮೂಲಿ. ನೂರು ಪೌಂಡ್ ಎಂದರೆ ಹನ್ನೊಂದು ಸಾವಿರ ರೂಪಾಯಿಗೂ ಮೇಲೆ. ಜೊತೆಗೆ ಪ್ರತಿ ಪಂದ್ಯಕ್ಕೂ ಕೈಯಿಂದ ಒಂದಿಷ್ಟು. ಬೂಟು, ಹಲ್ಲು ಉಳಿಸುವ ಮೌತ್ ಗಾರ್ಡು ಸ್ವಂತ ಖರ್ಚು. ಮನೆಯಲ್ಲಿ ಆಡುವ ಮಕ್ಕಳು ಮೂವರಿದ್ದರೆ ಮುಗಿಯಿತು, ಅಪ್ಪನ ಜೇಬು ಜಾಳುಜಾಳು.

'ಸ್ವಲ್ಪ ಏರಿಸಿದ್ರೆ ಏನ್ ಮಹಾ?' ಎಂಬುದು ಕಮಿಟಿಗಳಲ್ಲಿ ಕೇಳುವ ಮಾತು. ಏನು ಮಹಾ ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ ನೋಡಿ. ಕ್ಲಬ್ಬಿನ ಖರ್ಚು ವರ್ಷಕ್ಕೆ 6,000 ಪೌಂಡ್ ಎಂದಿಟ್ಟುಕೊಳ್ಳಿ. ಆಡುವವರು 40 ಜನ ಇದ್ದರೆ ತಲೆಗೆ 150. ಹತ್ತು ಜನ ಬಿಟ್ಟು ಹೋದರೆ ದೀಪ ಕಾಲುಭಾಗ ಕಡಿಮೆ ಉರಿಯುವುದಿಲ್ಲ, ಹುಲ್ಲು ಕಾಲುಭಾಗ ಕಡಿಮೆ ಬೆಳೆಯುವುದಿಲ್ಲ. ಮಿಕ್ಕ 30 ಜನ ತಲೆಗೆ 200 ಕೊಡಬೇಕು. ಇನ್ನೂರು ಕೇಳಿದಾಗ ಇನ್ನೈದು ಜನ ನಾಪತ್ತೆ. ಆಗ ತಲೆಗೆ 240. ಚೀಟಿ ವ್ಯವಹಾರ ಬಲ್ಲವರಿಗೆ ಈ ಇಳಿಜಾರು ಹೊಸತಲ್ಲ.

ಮೊಣಕಾಲು ನೋವು ಎಂಬ ನೆಪ

ಇಷ್ಟಕ್ಕೂ ಬಿಟ್ಟು ಹೋಗುವವರು ಯಾರು? ಜಗಳ ಕಾಯುವವನಲ್ಲ. ಅವನು ಬೈದುಕೊಂಡಾದರೂ ಕಟ್ಟುತ್ತಾನೆ. ಹೋಗುವವನು ಬಾಯಿ ಬಿಡುವುದಿಲ್ಲ. 'ಯಾಕಯ್ಯಾ, ಎರಡು ವಾರದಿಂದ ಕಾಣ್ಲಿಲ್ಲ?' ಎಂದರೆ 'ಮೊಣಕಾಲು ನೋವು ಕಣೋ' ಅನ್ನುತ್ತಾನೆ. ದುಡ್ಡಿಲ್ಲ ಎಂದು ಜೊತೆಯವನ ಮುಂದೆ ಹೇಳಿಕೊಳ್ಳುವ ಗಂಡಸು ಯಾವ ದೇಶದಲ್ಲಿ ಸಿಗುತ್ತಾನೆ? ಬಾಕಿ ಏರಿದ ಗಿರಾಕಿ ಅಂಗಡಿಯ ಎದುರು ಬಾರದೆ ಹಿಂದಿನ ಬೀದಿ ಹಿಡಿಯುವುದಿಲ್ಲವೆ, ಅದೇ ತರ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಕಷ್ಟ. ಮಗುವಿಗೆ ನೆಪ ಹೇಳಲು ಬರುವುದಿಲ್ಲ. ಅಮ್ಮನೇ ಹೇಳಬೇಕು. 'ಈ ವರ್ಷ ಓದಿನ ಕಡೆ ಗಮನ ಕೊಡಲಿ ಅಂತ' ಎನ್ನುವ ಮಾತಿನ ಹಿಂದೆ ಎಷ್ಟು ಓದು, ಎಷ್ಟು ಬೂಟಿನ ಬೆಲೆ ಎಂದು ಲೆಕ್ಕ ಹಾಕಿದವರಿಲ್ಲ.

ರಗ್ಬಿಯಲ್ಲಿ ಇನ್ನೊಂದು ಫಜೀತಿ ಇದೆ. ಎಲ್ಲರೂ ಎಲ್ಲ ಜಾಗದಲ್ಲೂ ಆಡುವಂತಿಲ್ಲ. ಎರಡೂ ಕಡೆಯ ಎಂಟೆಂಟು ಮಂದಿ ತಲೆತಗ್ಗಿಸಿ ಹೆಗಲು ಕೊಟ್ಟು ನೂಕಾಡುವ 'ಸ್ಕ್ರಮ್' ಎಂಬುದುಂಟು. ಅದರ ಮುಂಸಾಲಿನ ಮೂವರು ಅದಕ್ಕೆಂದೇ ಪಳಗಿದವರಾಗಿರಬೇಕು. ಇಲ್ಲವಾದರೆ ಕತ್ತಿಗೆ ಅಪಾಯ. ಅವರಲ್ಲಿ ಒಬ್ಬ ಬರಲಿಲ್ಲ, ಬದಲಿಗೆ ಪಳಗಿದವನೂ ಇಲ್ಲ ಎಂದರೆ ನಿಯಮದ ಪ್ರಕಾರ ನೂಕಾಟವೇ ಇಲ್ಲ, ಸ್ಕ್ರಮ್ ಬರೀ ನಾಮಕಾವಸ್ತೆ. ನೋಡಲು ಬಂದವರಿಗೆ ಮಜಾ ಇಲ್ಲ, ಆಡುವವರಿಗೂ ಇಲ್ಲ. ವಂತಿಗೆ ಕಟ್ಟಲಾರದೆ ಮನೆಯಲ್ಲಿ ಕೂತ ಒಬ್ಬ ದಪ್ಪ ಆಸಾಮಿಯಿಂದ ಇಪ್ಪತ್ತೊಂಬತ್ತು ಜನರ ಶನಿವಾರ ಸಪ್ಪೆ!

ಮೇಲಿನವರ ಲೆಕ್ಕ ಬೇರೆ

ಕೆಳಗೆ ಹೀಗಿದ್ದರೆ ಮೇಲೆ ಹೇಗಿತ್ತು? 2024ರ ಕೊನೆಯಲ್ಲಿ ಇಂಗ್ಲೆಂಡ್ ರಗ್ಬಿ ಯೂನಿಯನ್ನಿನ ವಾರ್ಷಿಕ ಲೆಕ್ಕ ಹೊರಬಿದ್ದಾಗ ಸಣ್ಣ ಕ್ಲಬ್ಬಿನವರ ಕಣ್ಣು ಕೆಂಪಾಯಿತು. 2023-24ರ ಸಾಲಿನ ನಷ್ಟ 3 ಕೋಟಿ 79 ಲಕ್ಷ ಪೌಂಡ್. ನಮ್ಮ ದುಡ್ಡಿನಲ್ಲಿ ಸುಮಾರು 400 ಕೋಟಿ ರೂಪಾಯಿ. 40ಕ್ಕೂ ಹೆಚ್ಚು ನೌಕರರ ಹುದ್ದೆಗೆ ಕತ್ತರಿ. ಅದೇ ಲೆಕ್ಕದ ಪುಸ್ತಕದಲ್ಲಿ ಮುಖ್ಯ ಕಾರ್ಯನಿರ್ವಾಹಕ ಬಿಲ್ ಸ್ವೀನಿ ಅವರಿಗೆ ಸಂಬಳ, ಬೋನಸ್ ಸೇರಿ 11 ಲಕ್ಷ ಪೌಂಡ್! ಬೋನಸ್ ಒಂದೇ 3 ಲಕ್ಷ 58 ಸಾವಿರ.

ಯೂನಿಯನ್ನಿನವರ ಸಮಜಾಯಿಷಿಯನ್ನೂ ಹೇಳಿಬಿಡಬೇಕು. ವಿಶ್ವಕಪ್ ನಡೆಯುವ ವರ್ಷ ಟ್ವಿಕನ್‌ಹ್ಯಾಮ್ ಮೈದಾನದಲ್ಲಿ ದೊಡ್ಡ ಪಂದ್ಯಗಳು ಕಡಿಮೆ, ಹಾಗಾಗಿ ಆದಾಯವೂ ಕಡಿಮೆ. ನಾಲ್ಕು ವರ್ಷದ ಲೆಕ್ಕ ಒಟ್ಟಿಗೆ ನೋಡಬೇಕು, ಈ ನಷ್ಟ ಮೊದಲೇ ಅಂದಾಜು ಮಾಡಿದ್ದು ಎಂಬುದು ಅವರ ವಾದ. ಬೋನಸ್ಸೂ ಮೊದಲೇ ಆದ ಕರಾರಿನಂತೆ ಕೊಟ್ಟದ್ದೇ. ಕಾಗದದ ಮೇಲೆ ಎಲ್ಲ ಸರಿ. ಆದರೆ ಬಿಸಿನೀರಿನ ಬಿಲ್ ಕಟ್ಟಲು ಕ್ವಿಜ್ ರಾತ್ರಿ, ಲಾಟರಿ ಚೀಟಿ ಎಂದು ಒದ್ದಾಡುವ ಖಜಾಂಚಿಗೆ ಈ ಕಾಗದ ತೋರಿಸಿದರೆ ಅವನೇನು ಕೈ ಮುಗಿಯುತ್ತಾನೆಯೆ?

ಮುಗಿಯಲಿಲ್ಲ. ಯೂನಿಯನ್ನಿನ ಅಧ್ಯಕ್ಷ ಮಂಡಳಿಯ ಮುಖ್ಯಸ್ಥ ಟಾಮ್ ಇಲೂಬ್ 2024ರ ಡಿಸೆಂಬರಿನಲ್ಲಿ ಹುದ್ದೆ ಬಿಟ್ಟರು. ನೂರಕ್ಕೂ ಹೆಚ್ಚು ಕ್ಲಬ್ಬುಗಳು ಸಹಿ ಹಾಕಿ ವಿಶೇಷ ಸಭೆ ಕರೆಸಿದವು. 2025ರ ಮಾರ್ಚ್ 27ರಂದು ಸ್ವೀನಿ ಮೇಲೆ ಅವಿಶ್ವಾಸ ನಿರ್ಣಯ ಮತಕ್ಕೆ ಬಂತು. ಪರವಾಗಿ 206, ವಿರುದ್ಧವಾಗಿ 466. ನಿರ್ಣಯ ಬಿತ್ತು, ಸ್ವೀನಿ ಅಂದು ಉಳಿದರು. ಇನ್ನೂರಾರು ಮತ ಎಂದರೆ ಸಣ್ಣ ಸಂಖ್ಯೆಯೇ? ಆಡಳಿತದವರನ್ನು ಮನೆಗೆ ಕಳಿಸಬೇಕೆಂದು ಅಷ್ಟು ಮಂದಿ ಮುಲಾಜಿಲ್ಲದೆ ಹೇಳಿದರು.

ದೊಡ್ಡ ಕ್ಲಬ್ಬುಗಳಾದರೂ ಸುಖವಾಗಿವೆಯೇ ಎಂದರೆ ಅದೂ ಇಲ್ಲ. ಆಟಗಾರರಿಗೆ ಲಕ್ಷಗಟ್ಟಲೆ ಸಂಬಳ ಕೊಟ್ಟು ಮೆರೆದ ವೂಸ್ಟರ್, ವಾಸ್ಪ್ಸ್ 2022ರಲ್ಲಿ ಮುಗ್ಗರಿಸಿದವು. 2023ರಲ್ಲಿ ಲಂಡನ್ ಐರಿಶ್ ಸರದಿ. ರಗ್ಬಿ ಯೂನಿಯನ್ ಆಟದಲ್ಲಿ ಸಂಬಳ ಬಹಿರಂಗವಾಗಿ ಬಂದದ್ದೇ 1995ರಲ್ಲಿ. ಮೂವತ್ತು ವರ್ಷ ತುಂಬುವ ಮೊದಲೇ ಈ ಗತಿ.

ಆರು ಶಿಲಿಂಗಿನ ಜಗಳ

ದುಡ್ಡಿಲ್ಲದವನು ಈ ಆಟ ಆಡಬೇಕೋ ಬೇಡವೋ ಎಂಬ ಪ್ರಶ್ನೆ ಇಂಗ್ಲೆಂಡಿಗೆ ಹೊಸದಲ್ಲ. ಹಿಂದೊಮ್ಮೆ ಇದೇ ವಿಷಯಕ್ಕೆ ಆಟವೇ ಎರಡು ಹೋಳಾಗಿತ್ತು. ಉತ್ತರದ ಯಾರ್ಕ್‌ಶೈರ್, ಲ್ಯಾಂಕಶೈರ್ ಕಡೆ ಆಡುತ್ತಿದ್ದವರು ಗಿರಣಿ ಕೂಲಿಗಳು, ಕಲ್ಲಿದ್ದಲ ಗಣಿಯವರು. ಶನಿವಾರ ಅವರಿಗೂ ಕೆಲಸ. ಪಂದ್ಯಕ್ಕೆ ಹೋದರೆ ಕೂಲಿ ಖೋತಾ. ಕಳೆದುಕೊಂಡ ಕೂಲಿಯನ್ನಾದರೂ ಕಟ್ಟಿಕೊಡಿ ಎಂಬ ಅವರ ಬೇಡಿಕೆ 1893ರಲ್ಲಿ ಲಂಡನ್ನಿನ ಸಭೆಯಲ್ಲಿ ಮತಕ್ಕೆ ಬಂತು. 136 ಪರ, 282 ವಿರುದ್ಧ. ಸಂಬಳ ಸಿಗುವ ಸಜ್ಜನರಿಗೆ ಆಟ ಶೋಕಿ, ಅದಕ್ಕೆ ದುಡ್ಡು ಕೇಳುವುದು ಕೀಳು! 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ಬೇರೆ ಮನೆ ಮಾಡಿದವು. ಹೊಸ ಮನೆಯಲ್ಲಿ ದಿನಕ್ಕೆ ಆರು ಶಿಲಿಂಗ್ ಕೂಲಿ ಪರಿಹಾರ. ತಂಡಕ್ಕೆ 13 ಜನರ 'ರಗ್ಬಿ ಲೀಗ್' ಎಂಬ ಇನ್ನೊಂದು ಆಟ ಬೆಳೆದದ್ದು ಆ ಮನೆಯಿಂದಲೇ. ಅಂದು ಆಡಿದವನ ಕೂಲಿ ಹೋಗುತ್ತಿತ್ತು. ಇಂದು ಆಡುವವನೇ ಕೈಯಿಂದ ಕೊಡಬೇಕು.

ಸರ್ಕಾರ ಕೈ ಹಿಡಿದರೆ ಹೇಗೆ? ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯ 2018ರಲ್ಲಿ ಅದನ್ನು ಮಾಡಿ ನೋಡಿತು. ಶಾಲೆಗೆ ಹೋಗುವ ಪ್ರತಿ ಮಗುವಿನ ಆಟದ ಶುಲ್ಕಕ್ಕೆ 100 ಡಾಲರಿನ ಚೀಟಿ. ಶ್ರೀಮಂತ, ಬಡವ ಎಂಬ ಭೇದವಿರಲಿಲ್ಲ. ಬೊಕ್ಕಸ ಬಿಗಿಯಾದಾಗ ವರಸೆ ಬದಲಾಯಿತು. 2024ರ ಫೆಬ್ರವರಿಯಿಂದ ವರ್ಷಕ್ಕೆ ಎರಡು ಸಲ 50 ಡಾಲರ್, ಅದೂ ಸರ್ಕಾರದ ಕುಟುಂಬ ಸಹಾಯಧನ ಪಡೆಯುವ ಮನೆಗಳಿಗೆ ಮಾತ್ರ. ಇಲ್ಲದವರಿಗೆ ಕೊಡುವುದು ನ್ಯಾಯವೇ. ಕಷ್ಟ ಇರುವುದು ನಡುವಿನವರಿಗೆ. ಸಹಾಯಧನದ ಪಟ್ಟಿಯಲ್ಲೂ ಇಲ್ಲ, ಮೂರು ಮಕ್ಕಳ ಶುಲ್ಕ ಒಟ್ಟಿಗೆ ಕಟ್ಟುವ ತಾಕತ್ತೂ ಇಲ್ಲ.

ಇಂಗ್ಲೆಂಡಿನ ಕ್ಲಬ್ಬುಗಳು ಕೈ ಕಟ್ಟಿ ಕೂತಿಲ್ಲ. ವಂತಿಗೆಯನ್ನು ತಿಂಗಳ ಕಂತು ಮಾಡಿವೆ. ವಿದ್ಯಾರ್ಥಿಗೆ ಬೇರೆ ದರ, ಕೆಲಸ ಕಳೆದುಕೊಂಡವನಿಗೆ ಬೇರೆ ದರ. ಜರ್ಸಿಯ ಎದೆಯ ಮೇಲೆ ಊರಿನ ಅಂಗಡಿಯ ಹೆಸರು ಹಾಕಿ ಬಟ್ಟೆಯ ಖರ್ಚು ಅಲ್ಲಿಂದ ಎತ್ತುವುದು ಹಳೇ ಉಪಾಯ. ಕೆಲಸ ಮಾಡುವ ಉಪಾಯ ಬಹುಶಃ ಇವೆಲ್ಲಕ್ಕಿಂತ ಚಿಕ್ಕದು: ಯಾರು ಪೂರ್ತಿ ಕಟ್ಟಿದರು, ಯಾರು ಅರ್ಧ ಕಟ್ಟಿದರು ಎಂಬುದು ಖಜಾಂಚಿಯೊಬ್ಬನಿಗೇ ಗೊತ್ತಿರಬೇಕು, ಅವನು ಬಾಯಿ ಬಿಡಬಾರದು. ಇನ್ನೊಂದು, ಕಾಲು ಬೆಳೆದು ಬಿಗಿಯಾದ ಹಳೇ ಬೂಟುಗಳನ್ನು ಬಾಗಿಲ ಬಳಿ ಒಂದು ಪೆಟ್ಟಿಗೆಯಲ್ಲಿ ಇಡುವುದು. ಅಳತೆ ನೋಡಿ ಬೇಕಾದವರು ಒಯ್ಯಬಹುದು. ಕೇಳುವವರಿಲ್ಲ, ಬರೆದುಕೊಳ್ಳುವವರಿಲ್ಲ.

ಕಲ್ಕತ್ತೆಯ ಆ ಬೆಳ್ಳಿ ಬಟ್ಟಲು ಈಗ ತೀರ ನಾಜೂಕು. 1988ರಲ್ಲಿ ಪಂದ್ಯ ಮುಗಿದ ರಾತ್ರಿ ಇಬ್ಬರು ಆಟಗಾರರು ಕುಡಿದ ಅಮಲಿನಲ್ಲಿ ಎಡಿನ್‌ಬರೋ ಬೀದಿಯಲ್ಲಿ ಅದನ್ನೇ ಚೆಂಡಿನಂತೆ ಒದ್ದಾಡಿ ನಜ್ಜುಗುಜ್ಜು ಮಾಡಿದ್ದರು. ರಿಪೇರಿಯಾಗಿ ಟ್ವಿಕನ್‌ಹ್ಯಾಮಿನ ವಸ್ತುಸಂಗ್ರಹಾಲಯ ಸೇರಿತು. ಇಂಗ್ಲೆಂಡಿನ ಹೊಸ ಹಂಗಾಮು ಶುರುವಾಗುವುದು ಸೆಪ್ಟೆಂಬರಿನಲ್ಲಿ. ವಂತಿಗೆಯ ಪುಸ್ತಕ ತೆರೆಯುವುದೂ ಆಗಲೇ, ಬಾಗಿಲ ಬಳಿಯ ಬೂಟಿನ ಪೆಟ್ಟಿಗೆ ಬೇಗ ಖಾಲಿಯಾಗುವುದೂ ಆಗಲೇ.