ಮಾಲೆ ಹಾಕಿದ ಮೂರನೆಯ ರಾತ್ರಿ

ಕಾರ್ತಿಕ ಹುಟ್ಟಿತೆಂದರೆ ಕೊಯಮತ್ತೂರು, ತಿರುಪ್ಪೂರು ಸೀಮೆಯ ಬಸ್ಸುಗಳಲ್ಲಿ ಕಪ್ಪು ಪಂಚೆಗಳು ತುಂಬಿಕೊಳ್ಳುತ್ತವೆ. ಶಬರಿಮಲೆಗೆ 41 ದಿನದ ವ್ರತ. ತೈಪೂಸ ಹತ್ತಿರ ಬಂದರೆ ಪಳನಿಗೆ ನಡೆದು ಹೋಗುವವರ ಹಸಿರು ಪಂಚೆ. ಮಾಲೆ ಬಿದ್ದ ಕೊರಳಲ್ಲಿ ಹೆಂಡ ಇಳಿಯುವ ಹಾಗಿಲ್ಲ. ಸಿರುಮುಗೈಯಲ್ಲಿ ಕನ್ನಡ ಮಾತಾಡುವ ದೇವಾಂಗರ ಮನೆಯಿರಲಿ, ಸೋಮನೂರಿನ ಪವರ್‌ಲೂಮ್ ಶೆಡ್ಡಿನ ಹಿಂದಿನ ಬಾಡಿಗೆ ಮನೆಯಿರಲಿ, ಕುಡಿಯುವವರ ಹೆಂಡಂದಿರು ವರ್ಷವಿಡೀ ಎದುರುನೋಡುವುದು ಈ ಒಂದೂವರೆ ತಿಂಗಳನ್ನೇ.

ದಿನವೂ ಕುಡಿದು ರೂಢಿಯಾದ ಮೈ ಮಾತ್ರ ವ್ರತವನ್ನು ಬೇರೆ ಥರ ಲೆಕ್ಕ ಹಾಕುತ್ತದೆ. ಬಿಟ್ಟ ಆರೇಳು ಗಂಟೆಗೆ ಕೈ ನಡುಗಲು ಶುರು, ಬೆವರು, ವಾಂತಿ, ನಿದ್ದೆಯಿಲ್ಲ. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಇನ್ನು ಕೆಲವರಿಗೆ ಬುದ್ಧಿ ಕದಡುತ್ತದೆ. ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಇಲ್ಲದವರ ದನಿ ಕೇಳುತ್ತದೆ. ಕೈ ತಾನು ಬಲ್ಲ ಕೆಲಸವನ್ನೇ ಮಾಡತೊಡಗುವುದೂ ಉಂಟು. ಮಗ್ಗದವನು ಕತ್ತಲೆಯಲ್ಲಿ ಕೂತು ಗಾಳಿಯಲ್ಲೇ ಕಡಿದ ಎಳೆಗೆ ಗಂಟು ಹಾಕುತ್ತಾನೆ. ಬನಿಯನ್ ಕಂಪನಿಯ ಟೈಲರು ಹೊದಿಕೆಯ ಅಂಚನ್ನು ಹಿಡಿದು, ಎದುರಿಗೆ ಮೆಷಿನ್ ಇದ್ದಂತೆ ಮುಂದಕ್ಕೆ ತಳ್ಳುತ್ತಾನೆ. ಮನೆಯವರು ಸ್ವಾಮಿಗೆ ಏನೋ ಅಪಚಾರವಾಯಿತೆಂದು ಕರ್ಪೂರ ಹಚ್ಚುತ್ತಾರೆ. ಈ ಸ್ಥಿತಿಯಲ್ಲಿ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು.

ಹೀಗೇಕಾಗುತ್ತದೆ? ಮದ್ಯ ಮಿದುಳನ್ನು ಮಂಕಾಗಿಸುವ ವಸ್ತು. ದಿನವೂ ಮಂಕಾಗಿಸಿದರೆ ಮಿದುಳು ಎಚ್ಚರವಾಗಿರಲು ಎದುರು ದಿಕ್ಕಿಗೆ ಜಗ್ಗುತ್ತದೆ. ಹಗ್ಗಜಗ್ಗಾಟದಲ್ಲಿ ಎದುರಿನವರು ಒಮ್ಮೆಲೇ ಕೈಬಿಟ್ಟರೆ ಈ ಕಡೆಯವರು ಹಿಂದಕ್ಕೆ ಬೀಳುವುದಿಲ್ಲವೇ, ಹಾಗೆ. ಹಟ, ಭಕ್ತಿ, ಹೆಂಡತಿಯ ಕಣ್ಣೀರು ಯಾವುದಕ್ಕೂ ಇದನ್ನು ತಡೆಯುವ ಶಕ್ತಿಯಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನಿಗೆ ಮದ್ಯದಂಗಡಿಗಳು ರಾತ್ರೋರಾತ್ರಿ ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥ ತೀವ್ರ ಪ್ರಕರಣಗಳು ಹೆಚ್ಚಾಗಿ ಬಂದುದನ್ನು ವೈದ್ಯರು ದಾಖಲಿಸಿದ್ದಾರೆ.

ಆದ್ದರಿಂದ ಮಾಲೆ ಹಾಕಿಸುವ ಮೊದಲು ಡಾಕ್ಟರ ಹತ್ತಿರ ಕರೆದೊಯ್ಯಿರಿ. ಬೆಳಿಗ್ಗೆ ಎದ್ದ ಕೂಡಲೇ ಒಂದು ಗುಟುಕು ಬೇಕೆನ್ನುವವನು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವನು ಮನೆಯಲ್ಲಿ ಒಮ್ಮೆಲೇ ನಿಲ್ಲಿಸಲೇಬಾರದು, ಕೋಣೆಗೆ ಹಾಕಿ ಬೀಗ ಜಡಿಯುವುದಂತೂ ಕೂಡದು. ಆಸ್ಪತ್ರೆಯಲ್ಲಿ ಸುಮಾರು ಒಂದು ವಾರ, ದಿನದಿನಕ್ಕೆ ಇಳಿಸುತ್ತ ಮಾತ್ರೆ ಕೊಟ್ಟು ಈ ಹಗ್ಗವನ್ನು ಮೆಲ್ಲಗೆ ಸಡಿಲಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ನಮ್ಮಲ್ಲಿ ಸುಸ್ತೆಂದರೆ ಓಣಿಯ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಏರಿಸಿಕೊಳ್ಳುವ ರೂಢಿ. ವರ್ಷಗಟ್ಟಲೆ ಕುಡಿದು, ಸರಿಯಾಗಿ ಉಣ್ಣದ ಮೈಗೆ ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ‘ಇವರು ದಿನಾ ಕುಡೀತಾರೆ’ ಎಂದು ಸೂಜಿ ಚುಚ್ಚುವ ಮುಂಚೆಯೇ ಹೇಳಿಬಿಡಿ, ನಾಚಿಕೆ ಬೇಡ. ಗೋಡೆ ಪೋಸ್ಟರುಗಳಲ್ಲಿ ಬರುವ, ಗೊತ್ತಾಗದಂತೆ ಸಾರಿಗೆ ಬೆರೆಸುವ ಪುಡಿಯ ತಂಟೆಗಂತೂ ಹೋಗಬೇಡಿ. ಅದರಲ್ಲಿ ಡೈಸಲ್ಫಿರಾಂ ಎಂಬ ಔಷಧ ಇರಬಹುದು, ಅದರ ಮೇಲೆ ಆತ ಕುಡಿದರೆ ರಕ್ತದೊತ್ತಡ ಕುಸಿದು ಬೀಳಬಹುದು.

ಬಿಡಲು ಮನಸ್ಸಿಲ್ಲದವನನ್ನು ಏನು ಮಾಡುವುದು? ಹಾನಿ ತಗ್ಗಿಸುವ ವಿಧಾನ ಎಂದು ವೈದ್ಯರು ಕರೆಯುವುದು ಇಲ್ಲಿಂದ ಶುರು. ಬಿಟ್ಟರೆ ಮಾತ್ರ ಬಾಗಿಲು ತೆಗೆಯುತ್ತೇವೆ ಎನ್ನುವ ಬದಲು, ಬಿಡುವ ದಿನದವರೆಗೆ ಆತ ಬದುಕಿರುವಂತೆ ನೋಡಿಕೊಳ್ಳುವುದು. ಕುಡಿಯಲು ಪರವಾನಗಿ ಕೊಟ್ಟಂತಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಪರವಾನಗಿ ಕೊಡಲು ನಾವ್ಯಾರು, 2003ರಿಂದ ತಮಿಳುನಾಡು ಸರ್ಕಾರದ ಟಾಸ್ಮಾಕೇ ಮದ್ಯದ ಚಿಲ್ಲರೆ ಅಂಗಡಿ ನಡೆಸುತ್ತಿದೆ.

ಶನಿವಾರ ಸಂಜೆ ವಾರದ ಸಂಬಳ ಕೈಗೆ ಬರುತ್ತದೆ, ಅಂಗಡಿ ರಾತ್ರಿ ಹತ್ತಕ್ಕೆ ಮುಚ್ಚುತ್ತದೆ. ಆ ಅವಸರದಲ್ಲಿ ಖಾಲಿ ಹೊಟ್ಟೆಗೆ ಒಂದು ಕ್ವಾರ್ಟರ್. 180 ಎಂಎಲ್ ಬಾಟಲಿಯಲ್ಲಿ ಶೇ 42.8 ಮದ್ಯಸಾರ, ತೂಕದಲ್ಲಿ 60 ಗ್ರಾಂ ದಾಟುತ್ತದೆ. ಪಿತ್ತಜನಕಾಂಗ ಗಂಟೆಗೆ ಹತ್ತು ಗ್ರಾಮಿನ ಆಸುಪಾಸು ಕರಗಿಸುತ್ತದೆ ಎಂದುಕೊಂಡರೂ ಒಂದು ಕ್ವಾರ್ಟರ್ ಮೈಬಿಟ್ಟು ಹೋಗಲು ಆರು ಗಂಟೆ ಬೇಕು. ಹತ್ತಕ್ಕೆ ಮುಗಿಸಿದವನು ನಡುರಾತ್ರಿ ಬೈಕ್ ಹತ್ತುವಂತಿಲ್ಲ. ಉಂಡು ಕುಡಿ, ನೀರು ಬೆರೆಸಿ ಕುಡಿ, ಪೂರ್ತಿಯ ಬದಲು ಕಟಿಂಗ್ ಹಂಚಿಕೋ, ಬೈಕಿನ ಕೀ ಮೊದಲೇ ಜೊತೆಯವನಿಗೆ ಕೊಡು. ಕೇಳಲು ಸಪ್ಪೆ, ಆದರೆ ಜೀವ ಉಳಿಸುವ ಮಾತು. ಕಳ್ಳಬಟ್ಟಿಗೆ ಮಾತ್ರ ಇಂಥ ಯಾವ ಉಪಾಯವೂ ಇಲ್ಲ. 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ ಮೆಥನಾಲ್ ಬೆರೆತ ಸಾರಾಯಿಗೆ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಕುಡಿದ ಮೇಲೆ ಕಣ್ಣು ಮಂಜಾದರೆ ಅಮಲೆಂದು ಮಲಗಿಸದೆ ಆಸ್ಪತ್ರೆಗೆ ಓಡಿ.

ಹರೆಯದ ಹುಡುಗರ ಕಥೆ ಬೇರೆ. ಟಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು ನೀರಲ್ಲಿ ಕರಗಿಸಿ ಚುಚ್ಚಿಕೊಳ್ಳುವ ಚಟ ಕೊಯಮತ್ತೂರಿನ ಪೊಲೀಸ್ ಸುದ್ದಿಗಳಲ್ಲಿ ಪದೇಪದೇ ಕಾಣುತ್ತದೆ. ಮಾತ್ರೆಯ ಸುಣ್ಣದಂಥ ಪುಡಿ ರಕ್ತದಲ್ಲಿ ಕರಗದೆ ನಾಳ ಕಟ್ಟಿಸುತ್ತದೆ, ಹಂಚಿಕೊಂಡ ಸೂಜಿ ಎಚ್‌ಐವಿ, ಹೆಪಟೈಟಿಸ್ ಸಿ ದಾಟಿಸುತ್ತದೆ. ಇಂಥ ಅಫೀಮಿನ ಜಾತಿಯ ಚಟಕ್ಕೆ ನಾಲಿಗೆಯ ಕೆಳಗಿಡುವ ಬ್ಯುಪ್ರೆನಾರ್ಫಿನ್ ಮಾತ್ರೆಯಿದೆ. ವೈದ್ಯರ ಕಣ್ಣೆದುರು ತಿಂಗಳುಗಟ್ಟಲೆ ಕೊಡುತ್ತಾರೆ, ಸೂಜಿ ತಪ್ಪುತ್ತದೆ. ಕೆಲವು ವಾರ ಬಿಟ್ಟಿದ್ದು ಹಳೆಯ ಪ್ರಮಾಣವನ್ನೇ ಚುಚ್ಚಿಕೊಂಡರೆ ಉಸಿರು ನಿಲ್ಲಬಹುದು. ಎಬ್ಬಿಸಿದರೂ ಏಳದವನು ಉಸಿರಾಡುತ್ತಿದ್ದರೆ ಮಗ್ಗುಲಿಗೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ, ಬಿಟ್ಟು ಓಡಬೇಡಿ. ಪೊಲೀಸ್ ಭಯ ಇದ್ದೇ ಇರುತ್ತದೆ. ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರೈಸಿದರೆ, 1985ರ ಮಾದಕವಸ್ತು ಕಾಯ್ದೆಯ 64ಎ ಕಲಮು ಅವನನ್ನು ವಿಚಾರಣೆಯಿಂದ ಕಾಪಾಡುತ್ತದೆ.

ಮನೆಯಲ್ಲಿ ಮಾತು ಯಾವಾಗ ತೆಗೆಯಬೇಕು? ಕುಡಿದು ಬಂದ ರಾತ್ರಿಯಂತೂ ಅಲ್ಲ. ಸೋಮವಾರ ಬೆಳಿಗ್ಗೆ, ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದರೂ ತುಳುಕುತ್ತಿರುವಾಗ ಪಕ್ಕದಲ್ಲಿ ಕೂತು, ‘ಅಣ್ಣಾ, ರಾತ್ರಿ ನಿದ್ದೆ ಬಂತಾ?’ ಎಂದು ಕೇಳಿ. ನಿದ್ದೆಯ ಮಾತು ಸಾಲದ ಮಾತಿಗೆ, ಬದುಕೇ ಬೇಡವೆನ್ನುವ ಮಾತಿಗೆ ಹೋಗಬಹುದು. ಹೋದರೆ ಹೆದರಿ ಬಾಯಿ ಮುಚ್ಚಿಸದೆ ಪೂರ್ತಿ ಕೇಳಿ, ಒಂಟಿಯಾಗಿ ಬಿಡಬೇಡಿ. ಕುಡಿದ ತಲೆಗೆ ದುಡುಕು ಹೆಚ್ಚು, ಆದ್ದರಿಂದ ತೋಟದ ಮನೆಯ ಕೀಟನಾಶಕ ಬೀಗದೊಳಗಿರಲಿ, ಬೀಗದಕೈ ಬೇರೆಯವರ ಬಳಿ ಇರಲಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಅದರ ಭಾಷೆಗಳಲ್ಲಿ ತಮಿಳೂ ಇದೆ, ಕನ್ನಡವೂ ಇದೆ. ವ್ಯಸನಕ್ಕೆಂದೇ ಇರುವುದು 14446. ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಚಿಕಿತ್ಸೆ ಎಂದು ಏನಾದರೂ ಸಿಕ್ಕಿದ್ದು ಒಬ್ಬರಿಗೆ.

ಇನ್ನು ಮಾಲೆ ತೆಗೆಯುವ ದಿನ. ಒಂದೂವರೆ ತಿಂಗಳಲ್ಲಿ ಮೈ ಹಳೆಯ ಅಭ್ಯಾಸ ಮರೆತಿರುತ್ತದೆ, ಕೊರಳು ಮಾತ್ರ ಮರೆತಿರುವುದಿಲ್ಲ. ಅಂದು ಸಂಜೆ ಯಾರ ಜೊತೆ, ಯಾವ ದಾರಿಯಲ್ಲಿ ಮನೆಗೆ ಬರುವುದು ಎಂಬುದನ್ನು ಶಬರಿಮಲೆಗೆ ಬಸ್ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳಿವೆ. ಮಾಲೆ ತೆಗೆದ ಮರುದಿನಕ್ಕೆ ಡಾಕ್ಟರ ಓಪಿ ಚೀಟಿಯಲ್ಲಿ ಈಗಲೇ ಒಂದು ತಾರೀಖು ಬರೆಸಿಟ್ಟುಕೊಳ್ಳಿ.