ಹೆಗಲ ಮೇಲಿನ ‘ಎಂ’

ಸಿನಿಮಾದ ಕೊಲೆಗಾರ ಹೇಗಿರುತ್ತಾನೆ? ಕೆಂಗಣ್ಣು, ಕೆನ್ನೆಯ ಮೇಲೆ ಗಾಯದ ಕಲೆ, ವಿಚಿತ್ರ ವೇಷ ಎಂದು ಯಾವ ವಿದ್ಯಾರ್ಥಿಯಾದರೂ ಹೇಳಿಯಾನು. ಈ ರೂಢಿಯನ್ನು ಬಹಳ ಹಿಂದೆಯೇ ಮುರಿದ ಚಿತ್ರ ‘ಎಂ’. ಫ್ರಿಟ್ಸ್ ಲ್ಯಾಂಗ್ ನಿರ್ದೇಶಿಸಿದ ಈ ಮನೋವೈಜ್ಞಾನಿಕ ಥ್ರಿಲ್ಲರ್ 1931ರಲ್ಲಿ ಬರ್ಲಿನ್‌ನಲ್ಲಿ ತೆರೆಕಂಡಿತು. ಅದು ಲ್ಯಾಂಗ್ ಅವರ ಮೊದಲ ವಾಕ್ಚಿತ್ರ.

ನಗರದಲ್ಲಿ ಒಂದಾದ ಮೇಲೊಂದು ಮಕ್ಕಳ ಕೊಲೆ. ಕೊಲೆಗಾರ ಹಾನ್ಸ್ ಬೆಕರ್ಟ್ ದುಂಡು ಮುಖದ, ಯಾರೂ ತಿರುಗಿ ನೋಡದಂಥ ಸಾಧಾರಣ ಮನುಷ್ಯ. ಗಾಬರಿಗೊಂಡ ಜನರಿಗೋ ಕಂಡವರ ಮೇಲೆಲ್ಲ ಅನುಮಾನ. ಬಾಲಕಿಯೊಬ್ಬಳಿಗೆ ಗಂಟೆ ಎಷ್ಟೆಂದು ಹೇಳಿದ ಮಾತ್ರಕ್ಕೆ ಬೀದಿಯಲ್ಲಿ ನಿರಪರಾಧಿಯೊಬ್ಬನನ್ನು ಗುಂಪು ಮುತ್ತಿಕೊಳ್ಳುತ್ತದೆ.

ಕಿವಿಯೇ ಸಾಕ್ಷಿ

ಪೊಲೀಸರು ಬೆರಳಚ್ಚನ್ನು ಹಿಗ್ಗಿಸಿ ಪರೀಕ್ಷಿಸುತ್ತಾರೆ, ನಕಾಶೆಯ ಮೇಲೆ ವೃತ್ತ ಎಳೆಯುತ್ತಾರೆ. ಆದರೆ ಬೀದಿಯಲ್ಲಿ ಬೆಕರ್ಟ್‌ನನ್ನು ಪತ್ತೆ ಮಾಡುವವನು ಬೆಲೂನು ಮಾರುವ ಒಬ್ಬ ಅಂಧ. ಕೊಲೆಗಾರನ ಸಿಳ್ಳೆಯ ರಾಗ ಅವನ ನೆನಪಿನಲ್ಲಿ ಉಳಿದಿರುತ್ತದೆ. ಅವನಿಂದ ಸುಳಿವು ಪಡೆದ ಯುವಕ ಅಂಗೈ ಮೇಲೆ ಸೀಮೆಸುಣ್ಣದಿಂದ ‘ಎಂ’ ಎಂದು ಬರೆದು ಬೆಕರ್ಟ್‌ನ ಹೆಗಲಿಗೆ ಒತ್ತುತ್ತಾನೆ. ಕೊಲೆಗಾರ ಎಂಬುದರ ಜರ್ಮನ್ ಪದದ ಮೊದಲ ಅಕ್ಷರ ಅದು. ಅಂಗವಿಕಲರನ್ನು ಅಯ್ಯೋ ಪಾಪ ಎನ್ನಿಸಲೋ ನಗಿಸಲೋ ಮಾತ್ರ ತೆರೆಗೆ ತರುತ್ತಿದ್ದ ಚಿತ್ರಗಳ ನಡುವೆ ಇದು ಗಮನಾರ್ಹ.

ಕೊರತೆಯೂ ಇದೆ. ಚಿತ್ರಕಥೆ ಬರೆದವರಲ್ಲಿ ಲ್ಯಾಂಗ್ ಅವರ ಪತ್ನಿ ತೇಯಾ ಫಾನ್ ಹಾರ್ಬೋ ಕೂಡ ಇದ್ದರು. ಆದರೂ ತೆರೆಯ ಮೇಲೆ ತನಿಖೆ ನಡೆಸುವವರೆಲ್ಲ ಗಂಡಸರೇ. ಮಗಳಿಗಾಗಿ ಕಾದು ಕುಳಿತ ತಾಯಿಯ ದುಃಖವಷ್ಟೇ ಹೆಣ್ಣಿನ ಪಾಲು.

ಕತ್ತರಿಯ ಕೆಲಸ

ಬೆಕರ್ಟ್ ಪಾತ್ರ ಮಾಡಿದವರು ಪೀಟರ್ ಲೋರೆ. 1904ರಲ್ಲಿ ಆಸ್ಟ್ರಿಯಾ-ಹಂಗೆರಿಯಲ್ಲಿ ಹುಟ್ಟಿದ ಯಹೂದಿ ನಟ. ಪಾತ್ರದ ಮತ ಯಾವುದೆಂದು ಚಿತ್ರದಲ್ಲಿ ಎಲ್ಲಿಯೂ ಹೇಳಿಲ್ಲ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಲೋರೆ, ಲ್ಯಾಂಗ್ ಇಬ್ಬರೂ ಜರ್ಮನಿ ಬಿಟ್ಟರು. ಮರುವರ್ಷ ನಾಜಿಗಳು ಚಿತ್ರವನ್ನು ನಿಷೇಧಿಸಿದರು.

ಅಲ್ಲಿಗೂ ಮುಗಿಯಲಿಲ್ಲ. ಕೊನೆಯಲ್ಲಿ ಪಾತಕಿಗಳೇ ಕೂಡಿ ನಡೆಸುವ ವಿಚಾರಣೆಯಲ್ಲಿ ಬೆಕರ್ಟ್, ತನ್ನನ್ನು ತಾನು ತಡೆಯಲಾರೆನೆಂದು ಗೋಳಾಡುತ್ತಾನೆ. 1940ರ ಪ್ರಚಾರ ಚಿತ್ರ ‘ಡೇರ್ ಎವಿಗೆ ಯೂಡೆ’ (‘ಚಿರಂತನ ಯಹೂದಿ’)ಯಲ್ಲಿ ಈ ತುಣುಕನ್ನೇ ಕತ್ತರಿಸಿ ಅಂಟಿಸಿದರು. ನಟನ ಹುಟ್ಟನ್ನು ಎತ್ತಿ ಹೇಳಿ, ಯಹೂದಿಗಳು ಇಂಥವರು ಎಂದು ನೋಡುಗರನ್ನು ನಂಬಿಸುವುದು ಅದರ ಉದ್ದೇಶ. ಒಂದು ಪಾತ್ರದ ಹೆಗಲ ಮೇಲಿದ್ದ ಗುರುತನ್ನು ಒಂದು ಇಡೀ ಜನಾಂಗದ ಮೇಲೆ ಒತ್ತಿದಂತಾಯಿತು. ಆ ಜನಾಂಗದ ಸುಮಾರು 60 ಲಕ್ಷ ಮಂದಿಯನ್ನು ನಾಜಿಗಳು ಕೊಂದರು. ಒಂದು ಚಿತ್ರದಿಂದಲೇ ಹೀಗಾಯಿತು ಎನ್ನಲಾಗದು. ಆದರೆ ಮನಸ್ಸುಗಳನ್ನು ಹದಗೊಳಿಸಿದ ಪ್ರಚಾರದಲ್ಲಿ ಅದಕ್ಕೂ ಪಾಲಿತ್ತು.

‘ಎಂ’ ಚಿತ್ರದಲ್ಲಿ ಕೊಲೆಯ ದೃಶ್ಯ ಒಮ್ಮೆಯೂ ಕಾಣಿಸುವುದಿಲ್ಲ. ಆದರೂ ವಸ್ತು ಭಾರವಾದದ್ದು; ಪ್ರೌಢಶಾಲೆ ದಾಟಿದ ಮಕ್ಕಳು ತಂದೆತಾಯಿಯ ಜೊತೆ ಕುಳಿತು ನೋಡುವುದು ಲೇಸು. ನೋಡಿದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಲಿ: ಇಲ್ಲಿ ಕೆಟ್ಟವನನ್ನಾಗಿ ತೋರಿಸಿದ್ದು ಯಾರನ್ನು? ಮಾತನಾಡಲು ಅವಕಾಶ ಸಿಕ್ಕಿದ್ದು ಯಾರಿಗೆ? ಈ ತುಣುಕನ್ನು ಕತ್ತರಿಸಿ ಬೇರೆಡೆ ತೋರಿಸಿದರೆ ಅರ್ಥ ಏನಾದೀತು? ಕೈಯಲ್ಲಿನ ಫೋನಿಗೆ ದಿನವೂ ಬಿಡಿ ದೃಶ್ಯಗಳು ಬಂದು ಬೀಳುವ ಈ ಕಾಲದಲ್ಲಿ ಮೂರನೆಯ ಪ್ರಶ್ನೆಯನ್ನು ಕೇಳದೆ ಬಿಡುವಂತಿಲ್ಲ.