ಟ್ರಾಕ್ಟರಿನ ಬ್ಯಾಟರಿ ಕೆಟ್ಟಿತೆ, ಕೇಬಲ್ ಕೆಟ್ಟಿತೆ?

ರೋಹಿಣಿ ಮಳೆ ಬಿದ್ದು ಹೊಲ ಹದಕ್ಕೆ ಬಂದಿದೆ ಅನ್ನಿ. ಬೀಜ, ಗೊಬ್ಬರ ಮನೆಯಲ್ಲಿದೆ, ಆಳುಗಳಿಗೂ ಹೇಳಿಯಾಗಿದೆ. ಬೆಳಿಗ್ಗೆ ಎದ್ದು ಟ್ರಾಕ್ಟರಿನ ಕೀ ತಿರುಗಿಸಿದರೆ ‘ಕಟ್’ ಅಂತ ಒಂದೇ ಸದ್ದು. ಇಂಜಿನ್ನು ತಿರುಗುವುದಿಲ್ಲ. ಹದ ನಮಗಾಗಿ ಕಾಯುತ್ತದೆಯೇ? ಇಂಥ ಹೊತ್ತಿನಲ್ಲಿ ನಾಲ್ಕು ಜನ ಸೇರಿ, ‘ಬ್ಯಾಟರಿ ಹೋಯ್ತು, ಹೊಸದು ತನ್ನಿ’ ಅನ್ನುವುದು ವಾಡಿಕೆ. ಸಾವಿರಾರು ರೂಪಾಯಿ ಕೊಟ್ಟು ತರುತ್ತೇವೆ. ಕೆಲವು ದಿನ ನಡೆಯುತ್ತದೆ, ಆಮೇಲೆ ಮತ್ತೆ ಅದೇ ‘ಕಟ್’. ಎಷ್ಟೋ ಸಲ ಕೆಟ್ಟಿರುವುದು ಬ್ಯಾಟರಿಯಲ್ಲ. ಬ್ಯಾಟರಿಯಿಂದ ಸೆಲ್ಫಿಗೆ ಹೋಗುವ ದಪ್ಪ ವೈರು, ಅಂದರೆ ಪ್ಲಸ್ ಕೇಬಲ್ಲು. ಅದನ್ನು ಗುರುತಿಸುವುದು ಹೇಗೆ, ಮನೆಯಲ್ಲೇ ಅಪಾಯವಿಲ್ಲದೆ ಬದಲಾಯಿಸುವುದು ಹೇಗೆ ಎಂಬುದನ್ನು ಈ ಹೊತ್ತು ನೋಡೋಣ.

‘ಲೈಟು ಚೆನ್ನಾಗಿ ಉರಿಯುತ್ತದಲ್ಲ, ಹಾಗಾದರೆ ಕೇಬಲ್ ಸರಿಯಾಗಿಯೇ ಇರಬೇಕು’ ಅಂತ ನೀವು ಕೇಳಬಹುದು. ಹಾಗಲ್ಲ. 55 ವಾಟಿನ ಒಂದು ದೀಪಕ್ಕೆ ಬೇಕಾಗುವುದು ಸುಮಾರು ನಾಲ್ಕೂವರೆ ಆಂಪೇರ್ ಕರೆಂಟು. ಡೀಸೆಲ್ ಇಂಜಿನ್ನನ್ನು ತಿರುಗಿಸುವ ಸೆಲ್ಫಿಗೆ ಇನ್ನೂರು ಆಂಪೇರೂ ಬೇಕು, ಅದಕ್ಕಿಂತ ಹೆಚ್ಚೂ ಬೇಕಾದೀತು. ಹೂಳು ತುಂಬಿದ ಕಾಲುವೆಯಲ್ಲಿ ಒಂದು ಪಾತಿಗೆ ಸಾಲುವಷ್ಟು ನೀರು ಹರಿಯುತ್ತದೆ. ಇಡೀ ಗದ್ದೆಗೆ ಬಿಟ್ಟಾಗ ತಾನೆ ಅದರ ಕೊರತೆ ಗೊತ್ತಾಗುವುದು? ಇದೂ ಹಾಗೆಯೇ.

ಲೆಕ್ಕ ಹಾಕಿ ನೋಡಿ. ಬ್ಯಾಟರಿ 12 ವೋಲ್ಟಿನದು. ಕೇಬಲ್ಲಿನ ತುದಿಯಲ್ಲಿ ಕಿಲುಬು ಹಿಡಿದು ಓಮಿನ ನೂರನೇ ಒಂದು ಭಾಗದಷ್ಟು ತಡೆ ಬಂದಿದೆ ಅನ್ನಿ. ಕಣ್ಣಿಗೆ ಕಾಣದ ತಡೆ ಅದು. ಆದರೂ 200 ಆಂಪೇರ್ ಹರಿಯುವಾಗ 2 ವೋಲ್ಟು ಅಲ್ಲೇ ಶಾಖವಾಗಿ ಸೋರಿಹೋಗುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜು ಹೇಗೂ ಸ್ವಲ್ಪ ಇಳಿದಿರುತ್ತದೆ. ಈ ಸೋರಿಕೆಯೂ ಸೇರಿದರೆ ಸೆಲ್ಫಿಗೆ ಇಂಜಿನ್ನನ್ನು ತಿರುಗಿಸುವ ಶಕ್ತಿ ಉಳಿಯುವುದಿಲ್ಲ.

ಗುರುತಿಸುವ ಬಗೆ

ಮೊದಲು ಕಣ್ಣಿನಿಂದ ನೋಡಿ. ಕ್ಲಾಂಪಿನ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೆ? ವೈರಿನ ಮೇಲಿನ ರಬ್ಬರು ಉಬ್ಬಿದೆಯೆ, ಬಿರಿದಿದೆಯೆ? ಕ್ಲಾಂಪಿನ ಬುಡದಲ್ಲಿ ತಾಮ್ರದ ಎಳೆಗಳು ತುಂಡಾಗಿವೆಯೆ? ಕೈಯಲ್ಲಿ ಅಲುಗಿಸಿದರೆ ಕ್ಲಾಂಪು ಅಲ್ಲಾಡುತ್ತದೆಯೆ? ಬರೀ ಪುಡಿ ಕಟ್ಟಿದ್ದರೆ, ಇಲ್ಲವೆ ಸಡಿಲವಾಗಿದ್ದರೆ, ತೊಳೆದು ಬಿಗಿ ಮಾಡಿದರೆ ಸಾಕು. ಎಳೆ ತುಂಡಾಗಿದ್ದರೆ, ಕಿಲುಬು ರಬ್ಬರಿನ ಒಳಕ್ಕೆ ಇಳಿದಿದ್ದರೆ ಕೇಬಲ್ ಬದಲಾಯಿಸಲೇಬೇಕು.

ಖಚಿತವಾಗಬೇಕಾದರೆ ಮೀಟರ್ ಬೇಕು. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಸಾಕು. ಗೇರು ನ್ಯೂಟ್ರಲ್ಲಿನಲ್ಲಿರಲಿ, ಬ್ರೇಕು ಹಾಕಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಮೀಟರನ್ನು ಡಿ.ಸಿ. ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿನ ಸೀಸಕ್ಕೇ ಒತ್ತಿ, ಕ್ಲಾಂಪಿಗಲ್ಲ. ಇನ್ನೊಂದನ್ನು ಸೆಲ್ಫಿನ ಹತ್ತಿರ ಆ ಕೇಬಲ್ ಬಂದು ಸೇರುವ ಬೋಲ್ಟಿಗೆ ಒತ್ತಿ. ಇಂಜಿನ್ನು ಹೊತ್ತಿಕೊಳ್ಳದಂತೆ ನಿಲ್ಲಿಸುವ ಗುಂಡಿಯನ್ನು ಎಳೆದು ಹಿಡಿದು, ಮನೆಯವರೊಬ್ಬರು ನಾಲ್ಕೈದು ಸೆಕೆಂಡು ಸೆಲ್ಫ್ ಹೊಡೆಯಲಿ. ಮೀಟರು ಅರ್ಧ ವೋಲ್ಟಿನ ಒಳಗೆ ತೋರಿಸಿದರೆ ಕೇಬಲ್ ಸರಿಯಿದೆ. ಒಂದು ವೋಲ್ಟು, ಅದಕ್ಕೂ ಮೇಲೆ ತೋರಿಸಿದರೆ ತಪ್ಪು ಕೇಬಲ್ಲಿನದು, ಇಲ್ಲವೆ ಅದರ ತುದಿಗಳದು. ಬ್ಯಾಟರಿಯ ಮೈನಸ್ಸಿನಿಂದ ಇಂಜಿನ್ನಿನ ಮೈಗೆ ಹೋಗುವ ಕೇಬಲ್ಲನ್ನೂ ಹೀಗೆಯೇ ಪರೀಕ್ಷಿಸಿ. ಅದೂ ಇಷ್ಟೇ ಕರೆಂಟನ್ನು ಹೊರುತ್ತದೆ.

ಕೊಳ್ಳುವಾಗ

ಹಳೆಯ ಕೇಬಲ್ಲನ್ನು ಬಿಚ್ಚಿ ಅಂಗಡಿಗೆ ಒಯ್ಯುವುದೇ ಒಳ್ಳೆಯದು. ಅದರ ಉದ್ದ ಇದಕ್ಕೂ ಇರಬೇಕು, ಒಳಗಿನ ತಾಮ್ರ ಅಷ್ಟೇ ದಪ್ಪ ಇಲ್ಲವೆ ಹೆಚ್ಚು ದಪ್ಪ ಇರಬೇಕು. ಮೇಲಿನ ರಬ್ಬರಿನ ದಪ್ಪ ನೋಡಿ ಮೋಸಹೋಗಬೇಡಿ. ಪ್ಲಸ್ ಟರ್ಮಿನಲ್ಲು ಮೈನಸ್ಸಿಗಿಂತ ಸ್ವಲ್ಪ ದಪ್ಪ. ಆದ್ದರಿಂದ ಕ್ಲಾಂಪೂ ಪ್ಲಸ್ಸಿನದೇ ಬೇಕು. ಎರಡೂ ತುದಿ ಯಂತ್ರದಲ್ಲಿ ಒತ್ತಿ ಕೂರಿಸಿದ ಕೇಬಲ್ಲನ್ನೇ ಕೇಳಿ. ಎಳೆಗಳನ್ನು ಕೈಯಲ್ಲಿ ಹೊಸೆದು ಟೇಪು ಸುತ್ತಿದ ಕೀಲು ಸೆಲ್ಫಿನ ಕರೆಂಟಿಗೆ ತಡೆಯುವುದಿಲ್ಲ.

ಬಿಚ್ಚುವ ಮುಂಚೆ

ಬ್ಯಾಟರಿಯ ಒಳಗಿರುವುದು ನೀರು ಬೆರೆಸಿದ ಗಂಧಕಾಮ್ಲ. ಚಾರ್ಜಾಗುವಾಗ ಅದರಿಂದ ಜಲಜನಕವೆಂಬ ಅನಿಲ ಏಳುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಬೆರೆತರೂ ಒಂದು ಕಿಡಿಗೆ ಹತ್ತಿಕೊಳ್ಳುವ ಅನಿಲವದು. ಬ್ಯಾಟರಿ ಸಿಡಿದರೆ ಆಮ್ಲ ಮುಖಕ್ಕೇ ಹಾರುತ್ತದೆ. ಅದಕ್ಕೇ ಈ ಕೆಲಸವನ್ನು ಬಯಲಿನಲ್ಲಿ ಮಾಡಬೇಕು. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ. ಉಂಗುರ, ಕಡಗ, ಗಡಿಯಾರ ತೆಗೆದಿಡಿ. ಬೆಳ್ಳಿಯ ಉಡಿದಾರ ಹೊರಗೆ ಜೋತಾಡುತ್ತಿದ್ದರೆ ಅದನ್ನೂ ತೆಗೆಯಿರಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಚೀಲ ಇರಲಿ. ಒಂದು ಕೊಡ ಶುದ್ಧ ನೀರು ಪಕ್ಕದಲ್ಲಿರಲಿ. ಮಕ್ಕಳನ್ನು ದೂರ ಕಳಿಸಿ.

ಬಿಚ್ಚುವ ಕ್ರಮ

ಇದನ್ನು ಮನೆಯವರೆಲ್ಲ ನೆನಪಿಡಬೇಕು: ಮೊದಲು ಮೈನಸ್ ಬಿಚ್ಚಬೇಕು, ಆಮೇಲೆ ಪ್ಲಸ್. ಯಾಕೆ ಅಂದರೆ, ಟ್ರಾಕ್ಟರಿನ ಕಬ್ಬಿಣದ ಮೈಯೆಲ್ಲ ಮೈನಸ್ಸಿಗೆ ಸೇರಿಕೊಂಡಿದೆ. ಮೈನಸ್ ಹಾಗೇ ಬಿಟ್ಟು ಪ್ಲಸ್ಸಿನ ನಟ್ಟಿಗೆ ಸ್ಪ್ಯಾನರ್ ಹಾಕಿದಾಗ, ಅದರ ಹಿಡಿ ಎಲ್ಲಾದರೂ ಮೈಗೆ ತಗುಲಿದರೆ ಬ್ಯಾಟರಿಯ ಪೂರ್ತಿ ಕರೆಂಟು ಸ್ಪ್ಯಾನರಿನಲ್ಲೇ ನುಗ್ಗುತ್ತದೆ. ಕಿಡಿ ಹಾರುತ್ತದೆ, ಸ್ಪ್ಯಾನರು ಕಾದು ಕೈ ಸುಡುತ್ತದೆ, ಅನಿಲವಿದ್ದರೆ ಬ್ಯಾಟರಿಯೂ ಸಿಡಿದೀತು. ಮೈನಸ್ ಬಿಚ್ಚಿದ್ದರೆ ಸ್ಪ್ಯಾನರು ಟ್ರಾಕ್ಟರಿನ ಮೈಗೆ ತಗುಲಿದರೂ ಕರೆಂಟಿಗೆ ತಿರುಗಿ ಬರುವ ದಾರಿಯೇ ಇಲ್ಲ. ಕೆಲವು ಹಳೆಯ ಟ್ರಾಕ್ಟರುಗಳಲ್ಲಿ ಮೈಗೆ ಸೇರಿರುವುದು ಪ್ಲಸ್. ಅಂಥದರಲ್ಲಿ ಪ್ಲಸ್ಸನ್ನೇ ಮೊದಲು ಬಿಚ್ಚಬೇಕು. ಮೈಗೆ ಹೋಗುವ ಕೇಬಲ್ ಮೊದಲು, ಇದೇ ಸೂತ್ರ. ಬಣ್ಣ ನೋಡಿ ನಂಬಬೇಡಿ. ಬ್ಯಾಟರಿಯ ಮೇಲೆ ಒತ್ತಿರುವ ಕೂಡುವ, ಕಳೆಯುವ ಗುರುತು ನೋಡಿ.

ಕೀ ತೆಗೆದಿಟ್ಟು ಮೈನಸ್ ಕ್ಲಾಂಪು ಬಿಚ್ಚಿ, ಒಣಬಟ್ಟೆ ಸುತ್ತಿ ಪಕ್ಕಕ್ಕೆ ಕಟ್ಟಿ. ಬಳಿಕ ಪ್ಲಸ್ ಕ್ಲಾಂಪಿನ ನಟ್ಟು ಸಡಿಲಿಸಿ, ಕ್ಲಾಂಪಿನ ಬಾಯಿ ಅಗಲಿಸಿ ಮೇಲಕ್ಕೆ ತೆಗೆಯಿರಿ. ಸುತ್ತಿಗೆ ಹೊಡೆದರೆ, ಹಾರೆಯಿಂದ ಮೀಟಿದರೆ ಟರ್ಮಿನಲ್ಲಿನ ಬುಡ ಬಿರಿಯುತ್ತದೆ. ಕೊನೆಗೆ ಸೆಲ್ಫಿನ ಕಡೆಯ ನಟ್ಟು ಬಿಚ್ಚಿ. ಅದೇ ಬೋಲ್ಟಿಗೆ ಸಣ್ಣ ವೈರುಗಳೂ ಇದ್ದರೆ ಬಣ್ಣದ ದಾರ ಕಟ್ಟಿ ಗುರುತಿಟ್ಟುಕೊಳ್ಳಿ.

ಈಗ ಅಡಿಗೆ ಮನೆಯ ಸಹಾಯ ಬೇಕು, ತಾಯಂದಿರೇ. ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡಾ ಕಲಸಿ ಕೊಡಿ. ಬ್ಯಾಟರಿಯ ಮುಚ್ಚಳಗಳೆಲ್ಲ ಬಿಗಿಯಾಗಿರಲಿ; ಸೋಡಾ ಒಳಗೆ ಹೋದರೆ ಆಮ್ಲ ಕೆಡುತ್ತದೆ. ಈ ನೀರನ್ನು ಟರ್ಮಿನಲ್ಲಿನ ಮೇಲೆ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ನೊರೆ ನಿಂತ ಮೇಲೆ ಬರೀ ನೀರಿನಿಂದ ತೊಳೆದು ಒರೆಸಿ. ಸೀಸ ಹೊಳೆಯುವ ತನಕ ಉಪ್ಪುಕಾಗದದಲ್ಲಿ ತಿಕ್ಕಿ. ಸೆಲ್ಫಿನ ಬೋಲ್ಟನ್ನೂ ಹಾಗೇ ತಿಕ್ಕಿ.

ಹೊಸದನ್ನು ಕೂರಿಸುವುದು

ಹಳೆಯ ಕೇಬಲ್ ಹೋಗಿದ್ದ ದಾರಿಯಲ್ಲೇ ಹೊಸದನ್ನು ಹಾಯಿಸಿ. ಸೈಲೆನ್ಸರಿಗೂ ಫ್ಯಾನಿಗೂ ದೂರವಿರಲಿ. ತಗಡಿನ ತೂತಿನಲ್ಲಿ ಹಾಯುವ ಕಡೆ ರಬ್ಬರಿನ ಬಳೆ ಇರಲೇಬೇಕು. ಸಾಮಾನ್ಯವಾಗಿ ಈ ಕೇಬಲ್ಲಿಗೆ ಫ್ಯೂಸು ಇರುವುದಿಲ್ಲ; ತಗಡಿಗೆ ಉಜ್ಜಿ ರಬ್ಬರು ಸವೆದರೆ ಟ್ರಾಕ್ಟರಿಗೇ ಬೆಂಕಿ ಬಿದ್ದೀತು.

ಮೊದಲು ಸೆಲ್ಫಿನ ತುದಿ ಬಿಗಿ ಮಾಡಿ. ಆಮೇಲೆ ಬ್ಯಾಟರಿಯ ಪ್ಲಸ್. ಕಟ್ಟಕಡೆಗೆ ಮೈನಸ್. ಕ್ಲಾಂಪು ಕೈಯಲ್ಲಿ ತಿರುಗಿಸಿದರೆ ತಿರುಗಬಾರದು, ಅಷ್ಟು ಬಿಗಿ ಸಾಕು. ಸೀಸ ಮೆದು, ಅತಿಯಾಗಿ ಬಿಗಿದರೆ ಕೆಡುತ್ತದೆ. ಬಿಗಿಯಾದ ಮೇಲೆ ವ್ಯಾಸಲೀನ್ ಸವರಿ, ಪ್ಲಸ್ಸಿನ ಮೇಲೆ ರಬ್ಬರು ಟೋಪಿ ಹಾಕಿ. ಈಗ ಸೆಲ್ಫ್ ಹೊಡೆದು, ಮೀಟರಿನಿಂದ ಇನ್ನೊಮ್ಮೆ ನೋಡಿ. ಕೇಬಲ್ಲುಗಳು ಸರಿಯಿದ್ದೂ ಇಂಜಿನ್ನು ತಿರುಗದಿದ್ದರೆ ಬ್ಯಾಟರಿಯನ್ನೂ ಸೆಲ್ಫನ್ನೂ ಮೆಕ್ಯಾನಿಕ್ಕಿಗೆ ತೋರಿಸಿ.

ಜೀಪು, ಹಳೆಯ ಕಾರುಗಳಿಗೂ ಇದೇ ಕ್ರಮ. ಈಚಿನ ಹಲವು ಕಾರುಗಳಲ್ಲಿ ಈ ಕೇಬಲ್ಲಿಗೆ ಫ್ಯೂಸು ಪೆಟ್ಟಿಗೆ, ಎಲೆಕ್ಟ್ರಾನಿಕ್ ಭಾಗಗಳು ಸೇರಿಕೊಂಡಿರುತ್ತವೆ. ಅಂಥವನ್ನು ವರ್ಕ್‌ಶಾಪಿಗೆ ಬಿಡುವುದೇ ಲೇಸು.

ಆಮ್ಲ ಮೈಗೆ ತಗುಲಿದರೆ ಧಾರಾಳವಾಗಿ ನೀರು ಸುರಿಯಿರಿ. ಕಣ್ಣಿಗೆ ಹಾರಿದರೆ ಬರೀ ಶುದ್ಧ ನೀರಿನಲ್ಲಿ ಕಾಲು ಗಂಟೆ ಬಿಡದೆ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಸೋಡಾ ನೀರು ಹಾಕಕೂಡದು.

ಮುಂಗಾರಿಗೆ ಮುಂಚೆ ಕೂರಿಗೆ, ಕುಂಟೆ ಸರಿಮಾಡಿಟ್ಟುಕೊಳ್ಳುವ ದಿನಗಳಲ್ಲೇ ಈ ಕೇಬಲ್ಲಿನ ಎರಡು ತುದಿಗಳನ್ನೂ ಒಮ್ಮೆ ನೋಡಿ. ಹೊಸ ಬ್ಯಾಟರಿಗೆ ದುಡ್ಡು ಎಣಿಸುವ ಮೊದಲು ಕೇಬಲ್ ಪರೀಕ್ಷಿಸಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇದಿಷ್ಟು ನೆನಪಿದ್ದರೆ ಹಣವೂ ಉಳಿಯಿತು, ಹದವೂ ಉಳಿಯಿತು, ಕಣ್ಣೂ ಉಳಿಯಿತು.